ಹನ್ನೊಂದು ಡಬ್ಬಿಗಳ ವಾರ್ಡ್ ಸಭೆ

ಬೆಳಗ್ಗೆ ಅಂಗಳ ಗುಡಿಸಿದೆ, ಎಮ್ಮೆ ಹಿಂಡಿದೆ, ಗುಡಗೇರಿ ಸಂತೆಯಿಂದ ತಂದ ಜೋಳ ಹಸನು ಮಾಡಿ ಡಬ್ಬಿಗೆ ತುಂಬಿದೆ, ಮೈದುನನ ಹೆಂಡತಿ, ನನ್ನ ನೆಗೆಣ್ಣಿಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಸಂಜೆ ಒಂದು ವಾರ್ಡ್ ಸಭೆಯನ್ನೂ ಮುಗಿಸಿದೆ.

ನಮ್ಮ ಓಣಿಯ ಪಂಚಾಯಿತಿ ಮೆಂಬರ್ ನಾನೇ. ಕೆರೆ ದಂಡೆಗೆ ಬಟ್ಟೆ ಒಗೆಯುವ ಕಟ್ಟೆ ಮಂಜೂರಾಗಿತ್ತು. ಹೋದ ಸಭೆಯಲ್ಲಿ ಗಂಡಸರೇ ಕುಳಿತು ಅದರ ಎತ್ತರ ಒಂದು ಗೇಣು ಎಂದು ತೀರ್ಮಾನಿಸಿದ್ದರು. ಆ ಹೊತ್ತಿಗೆ ಹೆಂಗಸರೆಲ್ಲ, ನಾನೂ ಸೇರಿ, ಹೊಲದಲ್ಲಿ ಕಳೆ ತೆಗೆಯುತ್ತಿದ್ದೆವು. ನನ್ನ ನೆಗೆಣ್ಣಿ ಕುಕ್ಕರಗಾಲಲ್ಲಿ ಕುಳಿತರೆ ಎಬ್ಬಿಸಲು ಇಬ್ಬರು ಬೇಕು.

"ಅಕ್ಕಾ, ನಿಂತು ಒಗಿಯೂಹಂಗ ಕಟ್ಟಸು. ಇಲ್ಲಾಂದ್ರ ನನ್ನ ಎತ್ತಾಕ ಒಂದು ಕ್ರೇನೂ ಮಂಜೂರ ಮಾಡಸು" ಎಂದಿದ್ದಳು.

ಅದಕ್ಕೇ ಪಿಡಿಒ ಸಾಹೇಬರಿಗೆ ಹೇಳಿ ಮತ್ತೊಂದು ಸಭೆಯನ್ನು ಹಿಟ್ಟಿನ ಗಿರಣಿಯಲ್ಲಿ ಇಡಿಸಿದೆ. ಸಂಜೆ ಅಲ್ಲಿ ಹೆಂಗಸರು ಇದ್ದೇ ಇರುತ್ತಾರೆಂದು ನನ್ನ ಅಂದಾಜು. ಮರೆತದ್ದು ಒಂದೇ: ನಮ್ಮೂರ ಗಿರಣಿಯಲ್ಲಿ ಪಾಳಿಗೆ ನಿಲ್ಲುವುದು ಡಬ್ಬಿ, ಹೆಂಗಸು ಅಲ್ಲ. ಡಬ್ಬಿ ಇಟ್ಟು ಅವರವರು ಮನೆಗೆ ಹೋಗಿರುತ್ತಾರೆ.

ಸಾಹೇಬರು ಬಂದಾಗ ಸಾಲಾಗಿ ಹನ್ನೊಂದು ಡಬ್ಬಿ, ಕೊನೆಗೆ ನಾನು, ನೆಗೆಣ್ಣಿ ಇಬ್ಬರೇ.

"ಮಂದಿ ಎಲ್ಲ್ರೀ?"

"ಇವ ನೋಡ್ರಿ" ಎಂದು ಡಬ್ಬಿ ತೋರಿಸಿದೆ.

"ಡಬ್ಬಿ ಸಹಿ ಮಾಡ್ತಾವೇನ್ರಿ? ಯಾರೂ ಬರಲಿಲ್ಲಂದ್ರ ಮೊದಲಿನ ಒಂದು ಗೇಣ ಖಾಯಂ ಆಗ್ತೈತಿ."

ನೆಗೆಣ್ಣಿಯ ಮುಖ ಸಣ್ಣದಾಯಿತು. ಅವಳೇ ಕೊನೆಯಲ್ಲಿದ್ದ ನಮ್ಮ ಡಬ್ಬಿಯನ್ನು ಎಳೆದು ಎಲ್ಲಕ್ಕೂ ಮುಂದೆ ಇಟ್ಟಳು. ಗಿರಣಿ ಕಾಕಾ ಬಾಗಿಲಿಗೆ ಹೋಗಿ ಕೂಗಿಬಿಟ್ಟ: "ಪಾಳಿ ಕೆಟ್ಟತಬೇ! ಮೆಂಬರ ಡಬ್ಬಿ ಮುಂದ ಬಂತು!"

ಓಣಿಗೆ ಓಣಿಯೇ ಓಡಿ ಬಂತು. ಒಬ್ಬಳ ಕೈಯಲ್ಲಿ ಸೌಟು, ಇನ್ನೊಬ್ಬಳದು ಅರ್ಧ ಹೆಣೆದ ಜಡೆ.

"ಮೆಂಬರ ಆದ್ರ ಗಿರಣಿ ನಿಮ್ಮ ಅಪ್ಪಂದೇನಬೇ?"

ಎಲ್ಲರೂ ಬಂದು ಸೇರುವವರೆಗೆ ಬೈಸಿಕೊಂಡೆ. ಆಮೇಲೆ ಕೇಳಿದೆ, "ಕೆರಿ ಕಟ್ಟಿ ಎಷ್ಟ ಎತ್ತರ ಬೇಕು, ಹೇಳ್ರಿ."

ಒಬ್ಬೊಬ್ಬರೂ ತಂತಮ್ಮ ಸೊಂಟ ಮುಟ್ಟಿ ತೋರಿಸಿದರು. ಸಾಹೇಬರು ಬರೆಯುವುದಾದರೂ ಹೇಗೆ? ನೆಗೆಣ್ಣಿ ಡಬ್ಬಿಯ ಮೇಲೆ ಡಬ್ಬಿ ಏರಿಸಿ, ಸೆರಗು ಸಿಕ್ಕಿಸಿ, ಇಲ್ಲದ ಚಾದರ ಒಗೆದು ತೋರಿಸಿದಳು. ಕುಳ್ಳಿಯರಿಗೆ ಸರಿಯಾಯಿತು. ಉದ್ದನೆಯವರು ಮೇಲೊಂದು ಇಟ್ಟಂಗಿ ಇಡಿಸಿದರು.

"ಕುಂತ ಒಗದ್ರ ಏನಾಗ್ತೈತ್ರಿ?" ಎಂದರು ಸಾಹೇಬರು. ಹಿಟ್ಟಿನ ಧೂಳಿಗೆ ಅವರ ಹುಬ್ಬು ಬೆಳ್ಳಗಾಗಿತ್ತು.

"ನಿಮ್ಮ ಮನ್ಯಾಗ ಅರಿಬಿ ಯಾರು ಒಗೀತಾರ್ರಿ?" ನೆಗೆಣ್ಣಿ ಕೇಳಿದಳು.

"ಮಷೀನ್."

"ಅದು ಕುಂತ ಒಗೀತೈತೋ, ನಿಂತೋ?"

ಸಾಹೇಬರು ಬರೆದುಕೊಂಡರು: ಎರಡು ಡಬ್ಬಿ, ಒಂದು ಇಟ್ಟಂಗಿ. ಆಮೇಲೆ ಟೇಪು ಹಿಡಿದು ಅಳೆದು ಬಾಜೂಕೆ ಅಡಿ ಲೆಕ್ಕವನ್ನೂ ಬರೆದರು. ಎಲ್ಲರೂ ಸಹಿ ಮಾಡಿದರು. ಸಹಿ ಮುಗಿದ ಮೇಲೆ ನಮ್ಮ ಡಬ್ಬಿಯನ್ನು ಎತ್ತಿ ಪಾಳಿಯ ಕಟ್ಟಕಡೆಗೆ ಇಟ್ಟರು. ನ್ಯಾಯವೇ.

ಕರೆಂಟು ಹೋಯಿತು, ನಮ್ಮ ಜೋಳ ಬೀಸಲೇ ಇಲ್ಲ. ಮೊದಲೇ ಮಾಡಿ ಒಣಗಿಸಿಟ್ಟಿದ್ದ ಕಟಕ ರೊಟ್ಟಿಯನ್ನೇ ಪುಂಡಿ ಪಲ್ಯದ ಜೊತೆ ಉಂಡೆವು. ಮೊದಲು ಮಲಗಿದವಳು ನೆಗೆಣ್ಣಿ, ಮೊಣಕಾಲು ನೀಡಿಕೊಂಡು.