ಕೊನೆಯ ಎಲೆಯ ಊಟ

ಸತ್ತವರಿಗೆ ಬಡಿಸಿಟ್ಟ ಊಟವನ್ನು ನಾನು ಉಂಡುಬಿಟ್ಟೆ. ಒಂದು ತುತ್ತು ರುಚಿ ನೋಡಿ ಎದ್ದಿದ್ದರೆ ಸ್ವಲ್ಪ ಮರ್ಯಾದೆಯಾದರೂ ಉಳಿಯುತ್ತಿತ್ತು. ನಾನು ಎಲೆ ಒರೆಸಿ, ಕೋಳಿಯ ಮೂಳೆ ಚೀಪಿ, ಪಕ್ಕದಲ್ಲಿದ್ದ ಲೋಟವನ್ನೂ ಖಾಲಿ ಮಾಡಿ, ಕೊನೆಗೊಂದು ತೇಗು ಬೇರೆ ಬಿಟ್ಟೆ. ದೆವ್ವ, ಆತ್ಮ ಅಂದರೆ ಮೊದಲಿನಿಂದಲೂ ನಗುವವನು ನಾನು. ಈಗಲೂ ನಂಬುತ್ತೇನೆ ಅಂತ ಹೇಳಲಾರೆ. ಆದರೆ ಆ ನಗು ಮೊದಲಿನ ಹಾಗೆ ಬರುವುದಿಲ್ಲ.

ನಾನು ವಿಜಾಪುರದ ಕಡೆಯವನು. ಡಿಗ್ರಿ ಮುಗಿಸಿ ಒಂದು ಸಂಸ್ಥೆಯಲ್ಲಿ ಒಂದು ವರ್ಷದ ಸ್ವಯಂಸೇವಕನಾಗಿ ಸೇರಿದೆ. ಜೊತೆಗೆ ಸೇರಿದ ಗೆಳೆಯನನ್ನು ನೇಪಾಳಕ್ಕೆ ಕಳಿಸಿದರು, ನನ್ನನ್ನು ಕೊಡಗಿನ ಮಾದಾಪುರದ ಹತ್ತಿರದ ಕಾಫಿ ಎಸ್ಟೇಟಿಗೆ. ಅವನಿಗೆ ವಿದೇಶ ಸಿಕ್ಕಿತಲ್ಲ ಅಂತ ಹೊಟ್ಟೆ ಉರಿದಿತ್ತು. ಬಂದ ವಾರದಲ್ಲೇ ಗೊತ್ತಾಯಿತು, ನನಗೆ ಸಿಕ್ಕಿದ್ದೂ ವಿದೇಶವೇ. ನಮ್ಮ ಕಡೆ ಒಂದು ಕಲ್ಲಿನ ಮೇಲೆ ನಿಂತರೆ ಮೂರು ಊರು ಕಾಣುತ್ತವೆ. ಇಲ್ಲಿ ಪಕ್ಕದ ಮನೆಯೂ ಕಾಣುವುದಿಲ್ಲ. ಜಿಗಣೆ ಕಚ್ಚಿದ್ದನ್ನು ಹಾವು ಅಂದುಕೊಂಡು, ಜೀಪು ಮಾಡಿಸಿಕೊಂಡು ಆಸ್ಪತ್ರೆಗೆ ಹೋಗಿ, ನರ್ಸ್ ಹತ್ತಿರ ಕೊನೆಯ ಮಾತುಗಳನ್ನು ಹೇಳಿದವನು ನಾನು.

ನನ್ನ ಕೆಲಸ ಎಸ್ಟೇಟ್ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ ಮಕ್ಕಳಿಗೆ ಕನ್ನಡ ಕಲಿಸುವುದು. ಲೈನಿನಲ್ಲಿ ತಮಿಳು, ಮಲಯಾಳ, ಅಸ್ಸಾಮಿ ಎಲ್ಲ ಇದ್ದವು. ನನ್ನ 'ಹೌದ್ರಿ' ಕೇಳಿ ಅವೆಲ್ಲ ಒಂದೇ ಭಾಷೆಯಲ್ಲಿ ನಗುತ್ತಿದ್ದವು. ದಿನವೂ ಗುಡ್ಡ ಇಳಿದು, ಹತ್ತಿ, ಮತ್ತೆ ಇಳಿದು ಹೋಗಬೇಕು. ಸಂಜೆ ವಾಪಸು ಬರುವಾಗ ನನ್ನಲ್ಲಿ ಮನುಷ್ಯ ಅಂತ ಏನೂ ಉಳಿದಿರುತ್ತಿರಲಿಲ್ಲ, ಎರಡು ಮೊಣಕಾಲು ಮಾತ್ರ ಮನೆ ಸೇರುತ್ತಿದ್ದವು.

ಉಳಿದುಕೊಂಡಿದ್ದು ಒಂದು ಗೌಡರ ಮನೆಯಲ್ಲಿ. ಮನೆಯಲ್ಲಿ ಇಬ್ಬರೇ, ಎಪ್ಪತ್ತು ದಾಟಿದ ಅತ್ತೆ ಮತ್ತು ಸೊಸೆ ಜಾನಕಿ ಅಕ್ಕ. ಮೊದಲ ದಿನವೇ ನಾನು ಅತ್ತೆಯನ್ನು ನಮ್ಮೂರ ರೂಢಿಯಲ್ಲಿ 'ಅವ್ವಾ' ಅಂದೆ. ಅವರು ಕಾಫಿ ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಅವರ ಭಾಷೆಯಲ್ಲೂ ತಾಯಿಗೆ ಅವ್ವ ಅಂತಲೇ ಅನ್ನುವುದಂತೆ. ಹಾಗೆ ಕರೆಯುತ್ತಿದ್ದವನು ಒಬ್ಬನೇ ಮಗ ಚಿಣ್ಣಪ್ಪ, ಜಾನಕಿ ಅಕ್ಕನ ಗಂಡ. ಗುಡ್ಡ ಜರಿದ ವರ್ಷ ದನ ನೋಡಿ ಬರುತ್ತೇನೆ ಅಂತ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಆಮೇಲೆ ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕಂಡೆ ಅಂತ ಯಾರೋ ಹೇಳಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ಅವ್ವ ಕೂತಿದ್ದರು.

ಆ ಊಟದ ದಿನ ಬೆಳಿಗ್ಗೆ ಅತ್ತೆ ಸೊಸೆಗೆ ಜೋರು ಮಾತಾಯಿತು. ಅವರು ತಮ್ಮೊಳಗೆ ಆಡುವುದು ಅರೆಭಾಷೆ, ಅಲ್ಲಿನ ಗೌಡರ ಮನೆಮಾತು. ಹೆಸರಿಗೆ ಅರೆ, ನನಗೆ ಅದರಲ್ಲಿ ಕಾಲು ಭಾಗ ತಿಳಿಯುತ್ತಿತ್ತು. ಎಲೆ, ಎಲೆ ಅಂತ ಮಾತ್ರ ಕೇಳಿಸಿತು. ಬಾಳೆ ಎಲೆ ಸಾಲದೆ ಜಗಳ ಇರಬೇಕು ಅಂದುಕೊಂಡು ಮಹಾ ಬುದ್ಧಿವಂತನ ಹಾಗೆ ಹಿತ್ತಿಲಿಗೆ ಹೋಗಿ ಒಂದು ಒಳ್ಳೆಯ ಎಲೆ ಕೊಯ್ದು ತಂದೆ. ಜಾನಕಿ ಅಕ್ಕ ಅಳುತ್ತಲೇ ಅದನ್ನು ತೆಗೆದುಕೊಂಡರು. ಅವ್ವ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು.

ಜಗಳದ ಕಾರಣ ನನಗೆ ಆಮೇಲೆ ತಿಳಿದದ್ದು, ನಿಮಗೆ ಈಗಲೇ ಹೇಳುತ್ತೇನೆ. ಅಂದು ವರ್ಷಕ್ಕೊಮ್ಮೆ ಮನೆಯ ಸತ್ತ ಹಿರಿಯರಿಗೆ ಬಡಿಸುವ ದಿನ. ಒಬ್ಬೊಬ್ಬರಿಗೂ ಒಂದು ಎಲೆ. ಚಿಣ್ಣಪ್ಪನಿಗೂ ಈ ಸಲ ಎಲೆ ಹಾಕಲೇಬೇಕು ಅಂತ ಜಾನಕಿ ಅಕ್ಕ. ಸತ್ತಿದ್ದರೆ ಇಷ್ಟು ವರ್ಷ ಹಸಿದುಕೊಂಡೇ ಇದ್ದಾರಲ್ಲ ಅನ್ನುವುದು ಅವರ ಸಂಕಟ. ಬದುಕಿರುವವನಿಗೆ ಎಲೆ ಹಾಕಿದರೆ ನಾವೇ ಅವನ ಆಯುಸ್ಸು ಕಿತ್ತ ಹಾಗೆ ಅನ್ನುವುದು ಅವ್ವನ ಭಯ. ಆ ಜಗಳದ ನಡುವೆ ಎಲೆ ತಂದುಕೊಟ್ಟವನು ನಾನು. ಜಾನಕಿ ಅಕ್ಕ ಅದನ್ನೇ ಗಂಡನ ಹೆಸರಿಗೆ ಹಾಕಿದರು.

ಮುಸ್ಸಂಜೆಗೆ ಲೈನಿನಿಂದ ಬಂದೆ. ಆ ದಾರಿ ನೇರ ಅಡುಗೆಮನೆಯ ಹಿಂಬಾಗಿಲಿಗೇ ಬರುತ್ತದೆ. ಒಳಗೆ ದೀಪ ಉರಿಯುತ್ತಿತ್ತು, ಯಾರೂ ಕಾಣಲಿಲ್ಲ. ನಡುಮನೆಯಲ್ಲಿ ಸಾಲಾಗಿ ನಾಲ್ಕು ಎಲೆ, ಸ್ವಲ್ಪ ದೂರ ಬಿಟ್ಟು ಇನ್ನೊಂದು. ಅನ್ನ, ಕೋಳಿ ಸಾರು, ಕಡುಬು. "ಅವ್ವಾ, ಬಂದ್ನಿ. ಹೊಟ್ಟಿ ಭಾಳ ಹಸದೈತಿ" ಅಂದೆ. ಒಂದೇ ಸಲ ಅಂದೆ. ಇದನ್ನು ನೆನಪಿಟ್ಟುಕೊಳ್ಳಿ.

ಒಳಕೋಣೆಯ ಕಡೆಯಿಂದ ಗಂಡು ಸ್ವರವೊಂದು, ಅವಸರವಿಲ್ಲದೆ, "ಕೊನೆದ್ ನಿಂಗೆ. ಕುದ್ರ್" ಅಂತು. ಕುದ್ರ್ ಅಂದರೆ ಕೂರು ಅಂತ ಅಷ್ಟು ಹೊತ್ತಿಗೆ ಕಲಿತಿದ್ದೆ. ಅವ್ವನ ತಮ್ಮ ಪೂವಯ್ಯ ಮಾವ ಬರುವವರಿದ್ದರು, ಅವರೇ ಅಂದುಕೊಂಡೆ. ದೂರಕ್ಕಿದ್ದ ಆ ಕೊನೆಯ ಎಲೆಗೆ ಕುದ್ರಿದೆ. ಲೋಟದಲ್ಲಿದ್ದುದನ್ನು ನೀರು ಅಂದುಕೊಂಡು ಎತ್ತಿದೆ, ಬ್ರಾಂದಿ. ಅತಿಥಿ ಸತ್ಕಾರ ಅಂದರೆ ಇದು ಅಂತ ಮನಸ್ಸಿನಲ್ಲೇ ಕೊಡಗಿಗೆ ಕೈಮುಗಿದೆ.

ತೇಗುವ ಹೊತ್ತಿಗೆ ಸರಿಯಾಗಿ ಮುಂಬಾಗಿಲು ತೆರೆಯಿತು. ಬಡಿಸಿದ ಮೇಲೆ ಮನೆಯವರೆಲ್ಲ ಬಾಗಿಲು ಮುಚ್ಚಿ ಅಂಗಳದಲ್ಲಿ ಸುಮ್ಮನೆ ನಿಲ್ಲಬೇಕು, ಹಿರಿಯರು ಉಣ್ಣುವವರೆಗೆ. ನಡುವೆ ಒಳಗಿನಿಂದ ಏನು ಕೇಳಿದರೂ ಬಾಗಿಲು ತೆಗೆಯುವ ಹಾಗಿಲ್ಲ. ಅವ್ವ, ಜಾನಕಿ ಅಕ್ಕ, ಪೂವಯ್ಯ ಮಾವ, ಮೂವರೂ ಹೊರಗೆ ನಿಂತಿದ್ದರು.

"ಎಂಥ ಮೇಷ್ಟ್ರೇ ಇದು! ಸತ್ತೋರಿಗೆ ಇಟ್ಟದ್ದನ್ನ ಉಂಡ್ರಲ್ಲ ಮಾರಾಯ್ರೆ!" ಅಂದರು ಪೂವಯ್ಯ ಮಾವ. ಲೋಟ ಎತ್ತಿ ಬಗ್ಗಿಸಿ ನೋಡಿದರು. "ಇದನ್ನೂ ಬಿಡ್ಲಿಲ್ವಾ?"

"ನೀವೇ ಅಲ್ರೀ ಕೂರು ಅಂದದ್ದು, ಕೊನೇದು ನಿಂಗೆ ಅಂತ?"

"ನಾನಾ? ನಾನು ಅಂಗಳದಲ್ಲಿ ಕೈಕಟ್ಕೊಂಡು ನಿಂತಿದ್ದೆ. ಒಳಗೆ ಒಂದು ನೊಣನೂ ಇರ್ಲಿಲ್ಲ."

ಜಾನಕಿ ಅಕ್ಕ ಹತ್ತಿರ ಬಂದರು. "ಹೇಗೆ ಹೇಳಿದ್ದು? ಅದೇ ಮಾತಲ್ಲಿ ಹೇಳಿ."

"ಕೊನೆದ್ ನಿಂಗೆ. ಕುದ್ರ್."

ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು. ಆಗ ನನಗೂ ಹೊಳೆಯಿತು. ಆ ಮನೆಯಲ್ಲಿ ಯಾರೂ ನನ್ನ ಹತ್ತಿರ ಅರೆಭಾಷೆ ಆಡುತ್ತಿರಲಿಲ್ಲ. ಹೊರಗಿನವನು ಅಂತ ಕನ್ನಡವೇ. ಪೂವಯ್ಯ ಮಾವನೂ ಅಷ್ಟೇ. "ಅವ್ರು ಯಾರ್ ಬಂದ್ರೂ ನಮ್ಮ ಭಾಷೆನೇ ಮಾತಾಡ್ತಿದ್ರು" ಅಂದರು ಜಾನಕಿ ಅಕ್ಕ, "ಪೇಟೆಯವ್ರ ಹತ್ರನೂ." ಚಿಣ್ಣಪ್ಪನ ವಿಷಯ ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಲೆಕ್ಕ ಹಾಕದ ಕಾರಣವಿಲ್ಲ. ಬ್ರಾಂದಿ ಅನ್ನೋಣ ಅಂದರೆ ಸ್ವರ ಕೇಳಿದ್ದು ಕುಡಿಯುವ ಮೊದಲು. ದಣಿವು ಅನ್ನಬಹುದು. ಆದರೆ ನನ್ನ ದಣಿವಿಗೆ ಅಷ್ಟು ಸ್ವಚ್ಛ ಅರೆಭಾಷೆ ಎಲ್ಲಿಂದ ಬಂತು? ಎಚ್ಚರವಿದ್ದಾಗಲೇ ನನಗೆ ಅದು ಬರುವುದಿಲ್ಲ.

ಅವ್ವ ಮಾತ್ರ ಮೂರು ದಿನ ನನಗೆ ಊಟ ಹಾಕಿದರು, ಮಾತು ಹಾಕಲಿಲ್ಲ. ಅತ್ತೆ ಸೊಸೆ ಇಬ್ಬರ ನಡುವಿನ ಗಾಯಕ್ಕೆ ಕೈ ಹಾಕಿ, ಅದರಲ್ಲೇ ಉಂಡು ಎದ್ದವನು ನಾನು. ನಾಲ್ಕನೆಯ ದಿನ ಬ್ಯಾಗು ಕಟ್ಟಿ, ಬೇರೆ ಕಡೆ ಕೋಣೆ ನೋಡುತ್ತೇನೆ, ತಪ್ಪಾಯಿತು ಅನ್ನಲು ಹೋದೆ. ಅವರು ಕಣದಲ್ಲಿ ಹರಡಿದ ಕಾಫಿ ಬೀಜದಲ್ಲಿ ಕೈಯಾಡಿಸುತ್ತ ಕೂತಿದ್ದರು.

"ಕೂರು" ಅಂದರು. "ಅವತ್ತು ನೀನು ಎಷ್ಟು ಸಲ ಕರ್ದೆ?"

"ಒಂದೇ ಸಲ ಅವ್ವಾ. ಹೊಟ್ಟೆ ಹಸಿದಿದೆ ಅಂದೆ."

"ಅದು ಕೇಳ್ತು. ಆಮೇಲೆ?"

"ಆಮೇಲೆ ಉಂಡೆ."

ಅವರು ಬೀಜದ ಮೇಲಿಂದ ಕೈ ತೆಗೆದರು. "ನಂಗೆ ಎರಡು ಸಲ ಕೇಳ್ತು. ಎರಡ್ನೇ ಸಲ ಬರೀ 'ಅವ್ವಾ' ಅಂತ ಅಷ್ಟೇ. ಜಾನಕಿಗೂ ಕೇಳ್ಸಿದೆ. ಅವ್ಳು ಹೇಳಲ್ಲ, ನಾನೂ ವಿಚಾರ್ಸಲ್ಲ."

ಚಿಣ್ಣಪ್ಪ ಬದುಕಿದ್ದಾನೆ ಅಂತಲೋ, ಇಲ್ಲ ಅಂತಲೋ ಕೇಳಲು ಬಾಯಿಬಿಟ್ಟೆ. ಅವರು ಕೈ ಅಡ್ಡ ಹಿಡಿದರು.

"ಗೊತ್ತಿಲ್ಲ. ಅವನ ಎಲೆ ಬದುಕಿರೋ ನೀನು ಉಂಡೆ, ಸತ್ತೋರ ಎಲೆ ಆಗ್ಲಿಲ್ಲ, ಅಷ್ಟು ಸಾಕು ನಂಗೆ. ಬ್ಯಾಗ್ ಬಿಚ್ಚು. ಮುಂದಿನ ವರ್ಷ ನೀನು ಎಲ್ಲೇ ಇದ್ರೂ ಆ ದಿನ ಬಾ, ಹಿಂದಿನ ಬಾಗ್ಲಿಂದನೇ ಬಾ. ಬಂದು ಒಂದೇ ಸಲ ಕರಿ. ಎರಡ್ನೇದು ಯಾರು ಕರೀತಾರೆ, ನೋಡುವಾ."