ಹನ್ನೆರಡು ಹಾಸಿಗೆಗೆ ಒಂದೇ ಟವೆಲ್

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ನಾನು ಬೈಲಹೊಂಗಲದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಗಂಡಸರ ವಾರ್ಡಿನಲ್ಲಿ ಹನ್ನೆರಡು ಹಾಸಿಗೆ. ಬಾಗಿಲ ಬಳಿ ಒಂದು ಬೇಸಿನ್, ಪಕ್ಕದ ಮೊಳೆಗೆ ಒಂದು ಟವೆಲ್. ಡಾಕ್ಟರು ಒಬ್ಬನ ಗಾಯ ಮುಟ್ಟಿ ಆ ಟವೆಲ್ಲಿಗೆ ಕೈ ಒರೆಸಿ ಇನ್ನೊಬ್ಬನ ಗಾಯ ಮುಟ್ಟುತ್ತಿದ್ದರು. ನಲ್ಲಿಯಲ್ಲಿ ನೀರಿತ್ತು. ಇರಲಿಲ್ಲವೆಂದು ನೆಪ ಹೇಳುವಂತಿಲ್ಲ.

ಕಿತ್ತೂರಿನ ಹತ್ತಿರ ಹೈವೇಯಲ್ಲಿ ಲಾರಿ ಮಗುಚಿ, ಸುರೇಬಾನದ ಒಬ್ಬ ಡ್ರೈವರ್ ಕಾಲು ಮುರಿದುಕೊಂಡು ಬಂದ. ಮೂವತ್ತು ದಾಟಿರಲಿಲ್ಲ. ರಾಡು ಹಾಕಿದರು, ಆಪರೇಷನ್ ಚೆನ್ನಾಗಿಯೇ ಆಯಿತು, ಹೊಲಿಗೆ ಸ್ವಚ್ಛವಾಗಿ ಒಣಗುತ್ತಿತ್ತು. ಪಕ್ಕದ ಹಾಸಿಗೆಯಲ್ಲಿ ಸವದತ್ತಿಯ ಒಬ್ಬ ಮುದುಕ. ಸಕ್ಕರೆ ಕಾಯಿಲೆಗೆ ಪಾದ ಕೊಳೆತು ಕೀವು ಸೋರುತ್ತಿತ್ತು. ಊರೂರಿನ ಇಂಜೆಕ್ಷನ್ ಎಲ್ಲ ಮುಗಿಸಿ ಬಂದವನು.

ನಾಲ್ಕನೆಯ ದಿನ ಡಾಕ್ಟರು ಮುದುಕನ ಪಾದ ಒತ್ತಿ ನೋಡಿದರು. ಬೆರಳಿಗೆ ಅಂಟಿದ ಕೀವನ್ನು ಟವೆಲ್ಲಿಗೆ ಒರೆಸಿಕೊಂಡರು. ಡ್ರೈವರನ ಬ್ಯಾಂಡೇಜು ಬಿಚ್ಚಲು ನನಗೆ ಹೇಳಿ, ಅದೇ ಬೆರಳಿಂದ ಹೊಲಿಗೆ ತಡವಿದರು. ನನ್ನ ಕೈಯಲ್ಲಿದ್ದ ಚಿಮಟವೂ ಮುದುಕನ ಪಾದಕ್ಕೆ ಬಳಸಿದ್ದೇ. ನೋಡಿದೆ, ಸುಮ್ಮನಿದ್ದೆ.

ವಾರದೊಳಗೆ ಡ್ರೈವರನ ಹೊಲಿಗೆಯಲ್ಲಿ ಕೀವು ತುಂಬಿತು. ಜ್ವರ ಏರಿತು. ಒಂದು ಔಷಧ ಬಿಟ್ಟು ಇನ್ನೊಂದು ಕೊಟ್ಟರು, ಅದನ್ನೂ ಬಿಟ್ಟು ಜೋರಿನದು ಕೊಟ್ಟರು. ಯಾವುದೂ ಹತ್ತಲಿಲ್ಲ. ಎದುರು ಹಾಸಿಗೆಯವನ ಹರ್ನಿಯಾ ಗಾಯವೂ ಬಿಚ್ಚಿಕೊಂಡಿತು. ಆಗ ಬಾಯಿಬಿಟ್ಟೆ.

“ಸರ್, ಒಬ್ಬರದು ಮುಟ್ಟಿದ ಮ್ಯಾಲೆ ಕೈ ತೊಳಕೊಂಡ್ರ ಛಲೋ ಆಗತಿತ್ತರಿ.”

“ನನಗ ಡಾಕ್ಟರಕಿ ಕಲಸಾಕ ಬಂದಿಯೇನು?” ಇಡೀ ವಾರ್ಡಿಗೆ ಕೇಳುವಂತೆ ಗದರಿದರು.

ಆದರೂ ಮುದುಕ, ಡ್ರೈವರ್ ಇಬ್ಬರ ಕೀವನ್ನೂ ಬೆಳಗಾವಿಯ ಲ್ಯಾಬಿಗೆ ಕಳಿಸಲು ಒಪ್ಪಿದರು. ವರದಿ ಬಂತು. ಇಬ್ಬರಲ್ಲೂ ಒಂದೇ ರೋಗಾಣು. ಒಂದೆರಡು ಬಿಟ್ಟರೆ ಯಾವ ಔಷಧಕ್ಕೂ ಬಗ್ಗುವುದಲ್ಲ. ಡಾಕ್ಟರು ಅದನ್ನು ಓದಿ ಡ್ರಾಯರಿಗೆ ತುರುಕಿದರು. ಹೊರಗೆ ಬಂದು ಡ್ರೈವರನ ಹೆಂಡತಿಗೆ ಹೇಳಿದರು: “ದಿನಾ ಮಂದಿ ಕಟಗೊಂಡು ಬಂದು ಹಾಸಿಗಿ ಮ್ಯಾಲೆ ಕುಂದರ್ತೀರಿ. ಹೊಲಸೆಲ್ಲಾ ನೀವ ತಂದಿದ್ದು.”

ಅಂದಿನಿಂದ ಆಕೆ ಗಂಡನನ್ನು ಮುಟ್ಟುವುದನ್ನೇ ಬಿಟ್ಟಳು. ಊಟದ ಡಬ್ಬಿ ನನ್ನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಕೇಳಿದಳು: “ಅಕ್ಕಾರ, ಅವರ ಬಟ್ಟಿ ಕುದಿಯೋ ನೀರಾಗ ಒಗದು ತರತೇನ್ರಿ. ಆದ್ರೂ ನನ್ನಿಂದ ಹಿಂಗಾತೇನ್ರಿ?”

ನನ್ನ ಮೈ ಉರಿಯಿತು. ಆಕೆಯ ಸೆರಗು ನಮ್ಮ ಟವೆಲ್ಲಿಗಿಂತ ನೂರು ಪಾಲು ಶುಭ್ರವಾಗಿತ್ತು.

“ನಿನ್ನಿಂದ ಅಲ್ಲ ತಂಗಿ. ನಮ್ಮ ಕೈಯಿಂದ ಆಗೇತಿ. ಡಾಕ್ಟರ ಕೈ, ನನ್ನ ಕೈ.”

ಆಕೆ ಅಳಲಿಲ್ಲ. “ಮತ್ತ ಅವರ್ಯಾಕ ನನ್ನ ಮ್ಯಾಲೆ ಹಾಕಿದ್ರು?” ಎಂದಳು.

ಒಳಗೆ ಹೋಗಿ ಟವೆಲ್ ಕಿತ್ತು ಹಿತ್ತಲಲ್ಲಿ ಸುಟ್ಟೆ. ಮುದುಕನನ್ನು ಕೊನೆಯ ಕೋಣೆಗೆ ಹಾಕಿಸಿದೆ. ಒಬ್ಬೊಬ್ಬರಿಗೂ ಬೇರೆ ಚಿಮಟ ಕುದಿಸಿಟ್ಟೆ. ಮರುದಿನದ ರೌಂಡಿಗೆ ನೀರಿನ ಜಗ್ಗು, ಸಾಬೂನು ಹಿಡಿದು ಡಾಕ್ಟರ ಹಿಂದೆಯೇ ನಡೆದೆ.

“ಏನಿದು ನಾಟಕ?”

“ಕೈ ಹಿಡೀರಿ ಸರ್.”

ಹನ್ನೊಂದು ಮಂದಿ ರೋಗಿಗಳು ನೋಡುತ್ತಿದ್ದರು. ಹಲ್ಲು ಕಡಿಯುತ್ತ ಹಿಡಿದರು. ದಿನವೂ ಹಿಡಿಸಿದೆ. ನಾನು ಅಲ್ಲಿದ್ದಷ್ಟು ಕಾಲ ಆ ವಾರ್ಡಿನಲ್ಲಿ ಇನ್ನೊಂದು ಗಾಯ ಹಾಗೆ ಬಿಚ್ಚಿಕೊಳ್ಳಲಿಲ್ಲ. ನನ್ನ ಸಿಟ್ಟು ಇಳಿಯದಿರುವುದು ಇದಕ್ಕೇ. ಬೇಕಾಗಿದ್ದುದು ಒಂದು ಜಗ್ಗು ನೀರು, ಒಂದು ಸಾಬೂನು. ಅಷ್ಟಕ್ಕೆ ಒಬ್ಬ ಗಂಡಸಿನ ಕಾಲು ಹೋಯಿತು. ಡ್ರೈವರನನ್ನು ಹುಬ್ಬಳ್ಳಿಗೆ ಒಯ್ದು ಮೊಣಕಾಲ ಮೇಲಕ್ಕೆ ಕತ್ತರಿಸಿದರು.

ನಾಲ್ಕೈದು ವರ್ಷಗಳ ಮೇಲೆ ರಾಮದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಆ ಡ್ರೈವರ್, ಅವನ ಹೆಂಡತಿ ಸಿಕ್ಕರು. ಅವನ ಕಂಕುಳಲ್ಲಿ ಊರುಗೋಲು. ಸುರೇಬಾನದಲ್ಲಿ ಪಂಚರ್ ಅಂಗಡಿ ಇಟ್ಟಿದ್ದಾನಂತೆ.

“ಅಕ್ಕಾರ, ನೀವು ಈಕಿಗೆ ಖರೇ ಹೇಳಿದ್ರಿ, ಮರ್ತಿಲ್ಲ. ಆದ್ರ ಅವತ್ತು ಬ್ಯಾಂಡೇಜು ಬಿಚ್ಚುವಾಗ ಯಾಕ ಹೇಳಲಿಲ್ಲರಿ?”

“ಅಂಜಿದ್ದೆ” ಎಂದೆ.

“ಅವರು ಟವೆಲ್ಲಿಗೆ ಒರಸೋದು ನಾನೂ ನೋಡಿದ್ದೆ. ದೊಡ್ಡ ಮಂದಿ ಅಂತ ಸುಮ್ಮಿದ್ದೆ.”

ಬಸ್ಸು ಬಂತು. ಹೆಂಡತಿ ಮೊದಲು ಹತ್ತಿ ಊರುಗೋಲು ಈಸಿಕೊಂಡಳು. ಆತ ಎರಡೂ ಕೈಯಿಂದ ಬಾಗಿಲ ಸರಳು ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಂಡ.