ಅಪ್ಪನ ಮೀನಿಗೆ ಎರಡು ಚಮಚ ಸುಣ್ಣ

ಅಪ್ಪ ಕಾಫಿ ತೋಟವನ್ನು ನನ್ನ ಕೈಗೆ ಒಪ್ಪಿಸಿದ ವರ್ಷವೇ ಡಿಸ್ಕಸ್ ಮೀನು ತಂದರು. ಬಾಳೂರಿನ ಗುಡ್ಡದ ಮೇಲೆ ಮೂವತ್ತೈದು ವರ್ಷ ಮೇಸ್ತ್ರಿ, ರೈಟರ್, ಆಳುಕಾಳು ಎಲ್ಲರ ಮೇಲೂ ಕೂಗಾಡಿದ ಮನುಷ್ಯ. ಗಂಟಲಿಗೆ ಕೆಲಸವಿಲ್ಲದೆ ಹೋದರೆ ಪಾಪ ಏನು ಮಾಡಬೇಕು? ಬೆಳಿಗ್ಗೆ ನಾನು ಜೀಪು ಹತ್ತುವಾಗ ಜಗಲಿಯಿಂದಲೇ "ಇವತ್ತು ಯಾವ ಬ್ಲಾಕಮ್ಮಾ?" ಎಂದು ಕೇಳುವರು. "ನಾನು ನೋಡ್ಕೋತೀನಿ ಬಿಡಿ ಅಪ್ಪಾಜಿ" ಎಂದು ಹೇಳಿ ನಾನು ಹೊರಟುಬಿಡುತ್ತಿದ್ದೆ. ಒಂದು ದಿನ ಅವರು ಚಿಕ್ಕಮಗಳೂರಿಗೆ ಹೋಗಿ, ತಟ್ಟೆಯ ಹಾಗೆ ಚಪ್ಪಟೆಯಾದ ಆರು ಮೀನು ತಂದು, ನಡುಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು, ಒಳಗೊಂದು ಮರದ ತುಂಡು ಇಳಿಸಿ ಪ್ರತಿಷ್ಠಾಪನೆ ಮಾಡಿದರು.

ಈ ಮೀನಿನಷ್ಟು ನಾಜೂಕಿನ ಜೀವವನ್ನು ನಾನು ಕಂಡಿಲ್ಲ. ಗಟ್ಟಿಯಾಗಿ ಕೆಮ್ಮಿದರೆ ಮೂಲೆ ಸೇರುತ್ತದೆ, ಬಾಗಿಲು ಧಡ್ ಎಂದರೆ ಕಪ್ಪಾಗುತ್ತದೆ. ಅದಕ್ಕೆ ಹೆದರಿ ಅಪ್ಪ ಪಿಸುಗುಟ್ಟುವುದನ್ನು ಕಲಿತರು. ಇವರನ್ನು ಕಟ್ಟಿಕೊಂಡ ಮೇಲೆ ಮನೆ ತಣ್ಣಗಿದ್ದದ್ದು ಇದೇ ಮೊದಲು ಎಂದು ಅಮ್ಮನಿಗೆ ಒಳಗೊಳಗೇ ಖುಷಿ. ಆದರೆ ಮೀನಿನ ಆಹಾರ ಎಂದು ಮಂಜುಗಟ್ಟಿದ ಕೆಂಪು ಹುಳುಗಳ ಪ್ಯಾಕೆಟ್ ಫ್ರಿಜ್ ಸೇರಿದ ದಿನ ಆಕೆಯೂ ಬಾಯಿಬಿಟ್ಟಳು. "ಕೊರಳಲ್ಲಿ ಲಿಂಗ, ಫ್ರೀಜರಲ್ಲಿ ಹುಳ. ಭೇಷ್!"

ಡಿಸ್ಕಸ್ ಸಾಕುವುದೆಂದರೆ ನೀರು ಸಾಕುವುದು ಎಂದು ಅಪ್ಪ ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದರು. ನಮ್ಮ ಹಳ್ಳದ ನೀರು ಮೆದು, ಕೊಂಚ ಹುಳಿ. ಅದೇ ಈ ಮೀನಿಗೆ ಇಷ್ಟವಂತೆ. ತೊಂದರೆ ಚಳಿಯದ್ದು ಮಾತ್ರ. ಅದಕ್ಕೆ ಅಪ್ಪ ನೀರನ್ನು ಡ್ರಮ್ಮಿನಲ್ಲಿ ಒಂದು ದಿನ ಬಿಟ್ಟು, ಬಚ್ಚಲ ಹಂಡೆಯಿಂದ ಚೊಂಬು ಚೊಂಬಾಗಿ ಬಿಸಿನೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡುತ್ತಿದ್ದರು. ನಮಗೆ ಸ್ನಾನ ಮಾಡಿಸುವಾಗ ಈ ಮನುಷ್ಯ ಮೊಣಕೈ ಅದ್ದಿದ್ದು ನನಗಂತೂ ನೆನಪಿಲ್ಲ.

ಹೋದ ವರ್ಷ ಅಪ್ಪನ ಎಡಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಚಿಕ್ಕಮಗಳೂರಿನ ಸೋದರತ್ತೆಯ ಮನೆಯಲ್ಲಿ ಮೂರು ದಿನ ಇದ್ದು ಬರುವುದೆಂದು ತೀರ್ಮಾನ. ಹೊರಡುವಾಗ ನನ್ನನ್ನು ಕರೆದು ಹೇಳಿದರು: "ಬೆಳಿಗ್ಗೆ ಒಂದು ಚಿಟಿಕೆ ಹುಳ, ಸಂಜೆ ಒಂದು ಚಿಟಿಕೆ. ನೀರು ನಾನು ಬಂದು ನೋಡ್ತೀನಿ. ನೀನು ಏನೂ ಮಾಡ್ಬೇಡ ಮಾರಾಯ್ತಿ."

ಏನೂ ಮಾಡದೆ ಕೂರು ಎಂದರೆ ಕಾಫಿ ಬೆಳೆಯುವವರ ಕೈ ಕೇಳುತ್ತದೆಯೇ? ಮೊದಲ ದಿನ, ಪಾಪ ಹಸಿದಿವೆ ಎಂದು ಚಿಟಿಕೆಯ ಬದಲು ಹಿಡಿ ಹಾಕಿದೆ. ಅರ್ಧ ತಿಂದವು, ಅರ್ಧ ತಳ ಸೇರಿತು. ಎರಡನೇ ದಿನ ನೀರು ಯಾಕೋ ಮಂಕಾಗಿ ಕಂಡಿತು. ತೋಟದ ಮಣ್ಣಿನ ಹುಳಿ ನೋಡಲು ತಂದಿದ್ದ ಪೆನ್ನಿನಂಥ ಮೀಟರ್ ಮೇಜಿನ ಮೇಲೇ ಇತ್ತು. ಅದ್ದಿದೆ. ಐದೂವರೆ ತೋರಿಸಿತು. ಈ ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ನಮ್ಮ ಕಡೆ ಮಣ್ಣು ಐದೂವರೆಗೆ ಇಳಿಯಿತೆಂದರೆ ಯಾರೂ ಯೋಚಿಸುವುದಿಲ್ಲ, ಹುಳಿ ಮುರಿಯಲು ಸುಣ್ಣ ಎರಚುತ್ತಾರೆ. ನನಗೂ ಅಪ್ಪ ಕಲಿಸಿದ್ದು ಅದನ್ನೇ. ಗಿಡಗಳಿಗೆ ಔಷಧಿ ಹೊಡೆಯಲು ತಂದಿಟ್ಟಿದ್ದ ಸುಣ್ಣದ ಚೀಲ ಗೋಡೌನಿನಲ್ಲಿತ್ತು. ಎರಡೇ ಎರಡು ಚಮಚ ಚೊಂಬಿನಲ್ಲಿ ಕದಡಿ, ತಿಳಿ ಬಸಿದು, ಅಭಿಷೇಕ ಮಾಡಿದ ಹಾಗೆ ಸುರಿದೆ. ಮಾಡಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕಾಫಿ ಕುಡಿದು ಬರುವಷ್ಟರಲ್ಲಿ ಆರೂ ಮೀನು ಮಸಿಯಂತೆ ಕಪ್ಪು. ರೆಕ್ಕೆ ಮುದುಡಿಕೊಂಡು ಮೂಲೆಯಲ್ಲಿ ಗುಂಪಾಗಿ ಏದುಸಿರು ಬಿಡುತ್ತಿದ್ದವು. ಅಪ್ಪನ ಕೈಯಿಂದಲೇ ಹುಳು ಕಿತ್ತು ತಿನ್ನುತ್ತಿದ್ದ ದೊಡ್ಡ ಕೆಂಪು ಮೀನು ಮಗ್ಗುಲಾಗಿ ತೇಲುತ್ತಿತ್ತು.

ಮೀನು ಮಾರಿದ ಅಂಗಡಿಯವನಿಗೆ ಫೋನ್ ಮಾಡಿದೆ. ಸುಣ್ಣ ಎಂದ ಕೂಡಲೇ ಅವನು "ಅಯ್ಯೋ ದೇವ್ರೇ" ಎಂದ. ಆಮೇಲೆ ಹೇಳಿದ: "ಮೇಡಂ, ಮೀನಿನ ಹೇಲು, ಕೊಳೆತ ಹುಳ, ಇವುಗಳಿಂದ ಅಮೋನಿಯ ಹುಟ್ಟುತ್ತೆ. ನೀರು ಹುಳಿ ಇದ್ರೆ ಅದು ಸುಮ್ನೆ ಮಲಗಿರುತ್ತೆ. ನೀವು ಸುಣ್ಣ ಹಾಕಿ ಎಬ್ಬಿಸಿಬಿಟ್ರಿ. ಅದು ಈಗ ವಿಷ. ಬೇಗ ಬೇಗ ನೀರು ಬದಲಾಯ್ಸೋಕೂ ಹೋಗ್ಬೇಡಿ, ಆ ಗಾಬರಿಗೇ ಸಾಯ್ತಾವೆ. ಗಂಟೆಗೆ ಒಂದೊಂದು ಬಕೆಟ್. ಅದೇ ಬಿಸಿ ಇರ್ಲಿ. ಲೈಟ್ ಆರಿಸಿ, ಮುಂದೆ ಬಟ್ಟೆ ಕಟ್ಟಿ."

ಅಪ್ಪ ತುಂಬಿಸಿಟ್ಟು ಹೋಗಿದ್ದ ಡ್ರಮ್ ಇತ್ತು, ಪುಣ್ಯ. ಬೆಳಗಿನಿಂದ ಸಂಜೆಯವರೆಗೆ ಬಕೆಟ್ ಹೊತ್ತೆ. ಲೆಕ್ಕ ಕೇಳಲು ಬಂದ ಮೇಸ್ತ್ರಿ "ಅಮ್ಮಾವ್ರೇ!" ಎಂದು ಕೂಗಿದ್ದಕ್ಕೆ ಬಾಗಿಲಲ್ಲೇ ಬೈದು ಅಟ್ಟಿದೆ, ಅದೂ ಪಿಸುಗುಟ್ಟಿಕೊಂಡು. ಐದು ಉಳಿದವು. ದೊಡ್ಡದು ಸಂಜೆ ಸತ್ತಿತು. ಹಿತ್ತಲಿನ ಕಾಫಿ ಗಿಡವೊಂದರ ಬುಡಕ್ಕೆ ಹೂತು ಬಂದೆ. ಅಳು ಬಂತೋ ಇಲ್ಲವೋ ಎಂದು ಕೇಳಬೇಡಿ. ಅತ್ತೆ.

ಮರುದಿನ ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದರು. ಅಮ್ಮ ಮೊದಲೇ ಹೇಳಿಬಿಟ್ಟಿದ್ದಳು: "ನಾನು ಸುಳ್ಳು ಹೇಳಲ್ಲ. ಅವ್ರು ಕೇಳಿದ್ರೆ ನಂಗೆ ಕಿವಿ ಕೇಳ್ಸಲ್ಲ, ಅಷ್ಟೆ."

ಅಪ್ಪ ಸೀದಾ ಹೋಗಿ ಮೀನಿನ ಮುಂದೆ ಕುಳಿತರು. "ಯಾಕೆ ಇವು ಕಪ್ಪಾಗಿ ಕಾಣ್ತಾವೆ?"

"ಕಣ್ಣಿಗೆ ಡ್ರಾಪ್ಸ್ ಹಾಕಿದಾರಲ್ಲ ಅಪ್ಪಾಜಿ, ಹಂಗೇ ಕಾಣೋದು."

"ಐದೇ ಇದಾವೆ."

"ದೊಡ್ಡದು ಆ ಮರದ ತುಂಡಿನ ಹಿಂದೆ ಇದೆ."

"ಓಹೋ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ನಾಲ್ಕು ದಿನ, ದಿನಕ್ಕೆ ಎರಡು ಸಲ ಅದೇ ಪ್ರಶ್ನೆ. "ಹೊರಗೆ ಬಂತಾ?" "ಈಗಷ್ಟೇ ಬಂದು ಒಳಗೆ ಹೋಯ್ತು." "ಹುಳ ತಿಂತಾ?" "ಗಬಗಬ ತಿಂತು." ಸತ್ತ ಮೀನಿಗೆ ನಾನು ನಾಲ್ಕು ದಿನ ಊಟ ಮಾಡಿಸಿದೆ. ಅಷ್ಟರಲ್ಲಿ ಉಳಿದ ಐದಕ್ಕೂ ಬಣ್ಣ ಮರಳತೊಡಗಿತ್ತು. ಚಿಕ್ಕಮಗಳೂರಿಗೆ ಹೋಗಿ ಅಂಥದ್ದೇ ಇನ್ನೊಂದು ತಂದು ಬಿಟ್ಟರೆ ಬಚಾವು ಎಂದು ಲೆಕ್ಕ ಹಾಕುತ್ತಿದ್ದೆ.

ಐದನೇ ದಿನ ಬೆಳಿಗ್ಗೆ ನಾನು ಜೀಪಿನ ಕೀ ತೆಗೆದುಕೊಳ್ಳುವಾಗ ಅಪ್ಪ ಮೆಲ್ಲಗೆ ಕೇಳಿದರು: "ಯಾವ ಗಿಡದ ಬುಡಕ್ಕೆ ಹಾಕ್ದೆ?"

"ಏನನ್ನ?"

"ಮರದ ತುಂಡಿನ ಹಿಂದೆ ಇರೋದನ್ನ." ಕಪ್ಪು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಆಪರೇಷನ್ ಆಗಿದ್ದು ಒಂದು ಕಣ್ಣಿಗೆ ಮಾರಾಯ್ತಿ. ಇನ್ನೊಂದು ಇತ್ತಲ್ಲ."

ನೆಲ ಬಿರಿದು ನುಂಗಬಾರದೇ ಎನಿಸಿತು. ಸುಣ್ಣದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಇನ್ನು ಕೂಗುತ್ತಾರೆ ಎಂದು ಕಾದೆ. ಕೂಗಿದ್ದರೆ ಎಷ್ಟೋ ವಾಸಿಯಿತ್ತು. ಆದರೆ ಮೀನು ಬೆದರುತ್ತವಲ್ಲ, ಅದಕ್ಕೆ ಪಿಸುದನಿಯಲ್ಲೇ ಹೇಳಿದರು.

"ಸುಣ್ಣ ಹಾಕಿದ್ದಕ್ಕೆ ಬೈಯಲ್ಲ. ಐದೂವರೆ ಅಂದ್ರೆ ಸುಣ್ಣ ಹಾಕು ಅಂತ ಕಲ್ಸಿದ್ದು ನಾನೇ. ಒಂದು ಫೋನ್ ಮಾಡಿ ಕೇಳ್ಬೋದಿತ್ತು. ತೋಟದ್ದು ನೀನು ಕೇಳೋದು ಬಿಟ್ಟೆ, ಹೋಗ್ಲಿ. ಇದೊಂದನ್ನಾದ್ರೂ ನನ್ನ ಕೇಳ್ಬಾರ್ದಿತ್ತಾ?"

"ಇನ್ನೊಂದು ಮೀನು ತರ್ತೀನಿ, ನಾನು ನೋಡ್ಕೋತೀನಿ ಬಿಡಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕೀ ಮೊಳೆಗೆ ಸಿಕ್ಕಿಸಿ ಅವರ ಪಕ್ಕದಲ್ಲಿ ನಿಂತೆ.

"ಇವತ್ತು ಎಷ್ಟು ಬಕೆಟ್ ಬದಲಾಯಿಸ್ಲಿ ಅಪ್ಪಾಜಿ?"

ಅಪ್ಪ ಎದ್ದು ಡ್ರಮ್ಮಿಗೆ ಮೊಣಕೈ ಅದ್ದಿದರು. "ಎರಡು ಸಾಕು" ಎಂದರು. "ಮೊದ್ಲು ಒಂದು ಚೊಂಬು ಬಿಸಿನೀರು ತಾ. ತಣ್ಣಗಿದೆ."